ವಿಮಾನ ‘ಧಡ್’ ಎಂದು ಇಳಿಯುವುದು ಏಕೆ? ಹಾರ್ಡ್ ಲ್ಯಾಂಡಿಂಗ್ ಕುರಿತು ಒಂದಿಷ್ಟು ಮಾಹಿತಿ

ನಮ್ಮ ಕರಾವಳಿಯಲ್ಲಿ ವಿಮಾನ ಹತ್ತಿದವರಿಲ್ಲದ ಮನೆ ಈಗ ಕಡಿಮೆ. ದುಬೈ, ಕುವೈತ್, ಬಹರೈನ್, ದೋಹಾ ಎಂದು ಮನೆಯಿಂದ ಒಬ್ಬರಾದರೂ ಹೋಗಿರುತ್ತಾರೆ. ಮಕ್ಕಳನ್ನು ನೋಡಲು ವಯಸ್ಸಾದ ತಂದೆತಾಯಂದಿರೂ ಹೋಗಿ ಬರುತ್ತಾರೆ. ಊರಿಗೆ ಬಂದವರು ಪ್ರಯಾಣದ ಬಗ್ಗೆ ಹೇಳುವಾಗ ವಿಮಾನ ಇಳಿದ ಬಗೆಯನ್ನು ಹೇಳದೆ ಬಿಡುವುದಿಲ್ಲ. ‘ಹೂವಿನ ಹಾಗೆ ಇಳಿಸಿದ’ ಎಂದರೆ ಪೈಲಟ್ ಪಳಗಿದವನು, ‘ಧಡ್ ಎಂದು ಹಾಕಿದ’ ಎಂದರೆ ಹೊಸಬ. ಈ ತೀರ್ಪು ಅನೇಕ ಸಲ ತಪ್ಪಾಗಿರುತ್ತದೆ. ಮೆತ್ತಗೆ ಇಳಿದದ್ದೆಲ್ಲ ಒಳ್ಳೆಯ ಇಳಿತವಲ್ಲ, ಜೋರಾಗಿ ತಾಗಿದ್ದೆಲ್ಲ ಅಪಾಯವೂ ಅಲ್ಲ. ಆದರೆ ನಿಜವಾದ ಹಾರ್ಡ್ ಲ್ಯಾಂಡಿಂಗ್ ಎಂಬುದೊಂದಿದೆ, ಅದು ಜೀವ ತೆಗೆದದ್ದೂ ಇದೆ. ಇವೆರಡರ ವ್ಯತ್ಯಾಸವನ್ನು ಸರಳವಾಗಿ ತಿಳಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

ಎಷ್ಟು ಜೋರಾದರೆ ‘ಹಾರ್ಡ್’?

ಇದನ್ನು ನಿರ್ಧರಿಸುವುದು ಪ್ರಯಾಣಿಕರ ಅನಿಸಿಕೆಯಲ್ಲ, ಅಳತೆ. ಚಕ್ರ ನೆಲಕ್ಕೆ ತಾಗುವ ಕ್ಷಣದಲ್ಲಿ ವಿಮಾನ ಎಷ್ಟು ವೇಗವಾಗಿ ಕೆಳಕ್ಕೆ ಇಳಿಯುತ್ತಿತ್ತು ಎಂಬುದೇ ಮುಖ್ಯ. ಸಾಧಾರಣ ಇಳಿತದಲ್ಲಿ ಇದು ಸೆಕೆಂಡಿಗೆ ಎರಡು ಮೂರು ಅಡಿ ಇರುತ್ತದೆ. ದೊಡ್ಡ ಪ್ರಯಾಣಿಕ ವಿಮಾನಗಳನ್ನು ಸೆಕೆಂಡಿಗೆ 10 ಅಡಿ, ಅಂದರೆ ನಿಮಿಷಕ್ಕೆ 600 ಅಡಿ ವೇಗದಲ್ಲಿ ನೆಲಕ್ಕೆ ತಾಗಿದರೂ ತಡೆದುಕೊಳ್ಳುವಂತೆ ಕಟ್ಟಬೇಕೆಂಬುದು ನಿಯಮ. ಇದು ಇಳಿಯುವಾಗ ಇರಬಹುದಾದ ಗರಿಷ್ಠ ತೂಕಕ್ಕೆ ಅನ್ವಯಿಸುವ ಲೆಕ್ಕ. ಟ್ಯಾಂಕ್ ತುಂಬ ಇಂಧನ ಇರುವಾಗಲೇ, ಹಾರಿದ ಕೂಡಲೆ ವಾಪಸು ಬರಬೇಕಾಗಿ ಬಂದರೆ ತೂಕ ಹೆಚ್ಚಿರುವುದರಿಂದ ಈ ಮಿತಿ ಸೆಕೆಂಡಿಗೆ 6 ಅಡಿ. ಇದರ ಮೇಲೆ ಸ್ವಲ್ಪ ಉಳಿತಾಯವೂ ಇರಲಿ ಎಂದು ಚಕ್ರದ ಕಾಲುಗಳು ಸೆಕೆಂಡಿಗೆ 12 ಅಡಿಯ ಹೊಡೆತವನ್ನು ಮುರಿಯದೆ ನುಂಗುತ್ತವೆಂದೂ ತೋರಿಸಿಕೊಡಬೇಕು.

ಇನ್ನೊಂದು ಅಳತೆ ‘ಜಿ’. ಸುಮ್ಮನೆ ಕುರ್ಚಿಯಲ್ಲಿ ಕುಳಿತಿರುವಾಗ ನಮ್ಮ ಮೈಮೇಲಿರುವ ಭಾರ 1 ಜಿ. ವಿಮಾನ ನೆಲಕ್ಕೆ ತಾಗುವಾಗ ಇದು ಒಂದು ಕ್ಷಣ ಹೆಚ್ಚುತ್ತದೆ. ಎಷ್ಟು ಜಿ ಮೀರಿದರೆ ತಪಾಸಣೆ ಆಗಬೇಕು ಎಂಬುದು ಪ್ರತಿ ಮಾದರಿಯ ವಿಮಾನಕ್ಕೂ ಬೇರೆ ಬೇರೆ.

ಹೊಡೆತದ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಇಳಿಯುವ ವೇಗ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟು. ಸೆಕೆಂಡಿಗೆ 3 ಅಡಿಯ ಇಳಿತಕ್ಕೂ 9 ಅಡಿಯ ಇಳಿತಕ್ಕೂ ಇರುವ ವ್ಯತ್ಯಾಸ ಒಂಬತ್ತು ಪಟ್ಟು.

ಕೊನೆಯ ಮೂವತ್ತು ಅಡಿ

ರನ್‌ವೇ ಕಡೆಗೆ ಬರುವ ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿಯ ಇಳಿಜಾರಿನಲ್ಲಿ ಬರುತ್ತದೆ. ಈ ಹಾದಿಯಲ್ಲಿ ಜೆಟ್ ವಿಮಾನ ನಿಮಿಷಕ್ಕೆ ಸುಮಾರು 700ರಿಂದ 750 ಅಡಿ ಕೆಳಗಿಳಿಯುತ್ತಿರುತ್ತದೆ, ಎಂದರೆ ಸೆಕೆಂಡಿಗೆ 12 ಅಡಿಯ ಆಸುಪಾಸು. ಮೇಲೆ ಹೇಳಿದ 10 ಅಡಿಯ ಮಿತಿಗಿಂತ ಇದು ಹೆಚ್ಚು! ಪೈಲಟ್ ಏನನ್ನೂ ಮಾಡದೆ ಅದೇ ಹಾದಿಯಲ್ಲಿ ನೇರ ನೆಲಕ್ಕೆ ಬಂದರೆ ಪ್ರತಿಯೊಂದು ಇಳಿತವೂ ಹಾರ್ಡ್ ಲ್ಯಾಂಡಿಂಗ್ ಆಗಿಬಿಡುತ್ತಿತ್ತು.

ಹಾಗೆ ಆಗದಂತೆ ಮಾಡುವುದು ಕೊನೆಯ ಕೆಲವು ಸೆಕೆಂಡುಗಳ ಕೆಲಸ. ರನ್‌ವೇಯ ಆರಂಭದ ಗೆರೆಯನ್ನು ವಿಮಾನ ಸುಮಾರು 50 ಅಡಿ ಎತ್ತರದಲ್ಲಿ ದಾಟುತ್ತದೆ. ಕಾಕ್‌ಪಿಟ್‌ನಲ್ಲಿ ಯಂತ್ರದ ಧ್ವನಿ ‘ಐವತ್ತು, ನಲವತ್ತು, ಮೂವತ್ತು’ ಎಂದು ಇಂಗ್ಲಿಷಿನಲ್ಲಿ ಎತ್ತರವನ್ನು ಕೂಗಿ ಹೇಳುತ್ತಿರುತ್ತದೆ. ವಿಮಾನದ ಗಾತ್ರಕ್ಕೆ ತಕ್ಕಂತೆ ಮೂವತ್ತು ಅಡಿಯ ಹತ್ತಿರ ಪೈಲಟ್ ಮೂಗನ್ನು ಎರಡು ಮೂರು ಡಿಗ್ರಿ ಮೇಲಕ್ಕೆತ್ತಿ, ಇಂಜಿನ್ನಿನ ಶಕ್ತಿಯನ್ನು ಕಡಿಮೆ ಮಾಡುತ್ತಾರೆ. ರೆಕ್ಕೆ ಆ ಕ್ಷಣಕ್ಕೆ ಹೆಚ್ಚು ಎತ್ತುಬಲ ಕೊಟ್ಟು ಇಳಿಯುವ ವೇಗವನ್ನು ತಗ್ಗಿಸುತ್ತದೆ. ಇದಕ್ಕೆ ‘ಫ್ಲೇರ್’ ಎಂದು ಹೆಸರು. ಅದಕ್ಕಿರುವ ಸಮಯ ಐದಾರು ಸೆಕೆಂಡು. ತಡವಾಗಿ ಎತ್ತಿದರೆ ವಿಮಾನ ವೇಗ ತಗ್ಗುವ ಮೊದಲೇ ನೆಲಕ್ಕೆ ಬಡಿಯುತ್ತದೆ. ಬೇಗ ಎತ್ತಿದರೆ ಗಾಳಿಯಲ್ಲೇ ವೇಗ ಕಳೆದುಕೊಂಡು, ಇನ್ನೂ ಹತ್ತಿಪ್ಪತ್ತು ಅಡಿ ಎತ್ತರ ಇರುವಾಗಲೇ ಧೊಪ್ಪನೆ ಬೀಳುತ್ತದೆ.

ಇಲ್ಲಿ ಕಣ್ಣು ಮೋಸ ಮಾಡುವುದೂ ಉಂಟು. ಅಗಲವಾದ ರನ್‌ವೇಗೆ ಒಗ್ಗಿದ ಪೈಲಟ್ ಕಿರಿದಾದ ರನ್‌ವೇಗೆ ಬಂದರೆ, ತಾನು ಇನ್ನೂ ಎತ್ತರದಲ್ಲಿದ್ದೇನೆ ಎಂದು ಅನಿಸುತ್ತದೆ. ಆಗ ಮೂಗು ಎತ್ತುವುದು ತಡವಾಗುತ್ತದೆ. ಕಿರಿದಾದುದಕ್ಕೆ ಒಗ್ಗಿದವರು ಅಗಲವಾದ ರನ್‌ವೇಗೆ ಬಂದಾಗ ಇದರ ತದ್ವಿರುದ್ಧ. ಏರು ಇರುವ ರನ್‌ವೇ, ಸುತ್ತ ದೀಪಗಳೇ ಇಲ್ಲದ ಕತ್ತಲು, ಗಾಜಿನ ಮೇಲೆ ಸುರಿಯುವ ಮಳೆ ಎಲ್ಲವೂ ಎತ್ತರದ ಅಂದಾಜನ್ನು ಕೆಡಿಸುತ್ತವೆ.

ಹೊಡೆತವನ್ನು ನುಂಗುವ ಕಾಲುಗಳು

ಬೈಕಿನ ಶಾಕ್ ಅಬ್ಸಾರ್ಬರ್‌ನಲ್ಲಿ ಸ್ಪ್ರಿಂಗ್ ಇರುವಂತೆ ವಿಮಾನದ ಚಕ್ರದ ಕಾಲಿನಲ್ಲಿ ಒತ್ತಡದ ನೈಟ್ರೋಜನ್ ಅನಿಲ ಮತ್ತು ಎಣ್ಣೆ ಇರುತ್ತದೆ. ಚಕ್ರ ತಾಗಿದಾಗ ಕೊಳವೆಯೊಳಗೆ ಕೊಳವೆ ಜಾರಿ, ಎಣ್ಣೆ ಸಣ್ಣ ರಂಧ್ರದ ಮೂಲಕ ನುಗ್ಗುತ್ತದೆ. ಹೊಡೆತದ ಬಹುಪಾಲು ಶಾಖವಾಗಿ ಅಲ್ಲೇ ಮುಗಿದುಹೋಗುತ್ತದೆ. ಅನಿಲ ಕಡಿಮೆಯಾಗಿದ್ದರೆ ಅಥವಾ ಎಣ್ಣೆ ಸೋರಿದ್ದರೆ ಸಾಧಾರಣ ಇಳಿತವೂ ಜೋರಾಗಿ ಅನಿಸಬಹುದು.

ಮಳೆಗಾಲದಲ್ಲಿ ಬೇಕೆಂದೇ ಸ್ವಲ್ಪ ಗಟ್ಟಿಯಾಗಿ ಇಳಿಸುತ್ತಾರೆ ಎಂಬುದು ಅನೇಕರಿಗೆ ತಿಳಿದಿಲ್ಲ. ರನ್‌ವೇ ಮೇಲೆ ನೀರು ನಿಂತಿದ್ದರೆ ಮೆತ್ತಗೆ ತಾಗಿದ ಟಯರು ನೀರಿನ ಪದರದ ಮೇಲೆಯೇ ಜಾರುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಗಟ್ಟಿಯಾಗಿ ತಾಗಿದರೆ ನೀರನ್ನು ಸೀಳಿ ಡಾಂಬರನ್ನು ಮುಟ್ಟುತ್ತದೆ, ಚಕ್ರ ಕೂಡಲೆ ತಿರುಗುತ್ತದೆ. ಚಕ್ರ ತಿರುಗಿ, ಕಾಲು ಒತ್ತಲ್ಪಟ್ಟರೆ ಮಾತ್ರ ರೆಕ್ಕೆಯ ಮೇಲಿನ ಹಲಗೆಗಳು ತಾವಾಗಿ ಎದ್ದು ನಿಂತು ಎತ್ತುಬಲವನ್ನು ಕೊಂದು ವಿಮಾನದ ಭಾರವನ್ನೆಲ್ಲ ಚಕ್ರಕ್ಕೆ ಕೊಡುತ್ತವೆ. ಆದುದರಿಂದ ಜೂನ್, ಜುಲೈಯಲ್ಲಿ ಬಜ್ಪೆಯಲ್ಲಿ ಇಳಿಯುವಾಗ ಸ್ವಲ್ಪ ಧಡ್ ಎಂದರೆ ಪೈಲಟನ್ನು ಬೈಯುವ ಅಗತ್ಯವಿಲ್ಲ.

ಗಾಳಿ ಕೈಕೊಟ್ಟಾಗ

ನಿಜವಾದ ಹಾರ್ಡ್ ಲ್ಯಾಂಡಿಂಗ್‌ಗೆ ಕಾರಣಗಳಲ್ಲಿ ಗಾಳಿಗೆ ದೊಡ್ಡ ಸ್ಥಾನವಿದೆ. ಎದುರಿನಿಂದ ಬೀಸುತ್ತಿದ್ದ ಗಾಳಿ ಇದ್ದಕ್ಕಿದ್ದಂತೆ ನಿಂತರೆ ಅಥವಾ ಹಿಂದಿನಿಂದ ಬೀಸತೊಡಗಿದರೆ ರೆಕ್ಕೆಯ ಎತ್ತುಬಲ ಒಮ್ಮೆಲೇ ಕುಸಿಯುತ್ತದೆ. ಇದನ್ನು ‘ವಿಂಡ್ ಶಿಯರ್’ ಎನ್ನುತ್ತಾರೆ. ಗುಡುಗು ಮಳೆಯ ಮೋಡದ ಕೆಳಗೆ ಇದು ಅತಿ ಅಪಾಯಕಾರಿ.

1992ರ ಡಿಸೆಂಬರ್ 21ರಂದು, ಕ್ರಿಸ್ಮಸ್‌ಗೆ ನಾಲ್ಕು ದಿನ ಇರುವಾಗ, ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಟ ಮಾರ್ಟಿನ್‌ಏರ್ ಸಂಸ್ಥೆಯ ಡಿಸಿ-10 ವಿಮಾನ ಪೋರ್ಚುಗಲ್‌ನ ಫಾರೊದಲ್ಲಿ ಇಳಿಯುತ್ತಿತ್ತು. ಅದರಲ್ಲಿದ್ದವರು 340 ಮಂದಿ, ಹೆಚ್ಚಿನವರು ರಜೆ ಕಳೆಯಲು ಹೊರಟ ಕುಟುಂಬಗಳು. ವಿಮಾನ ನಿಲ್ದಾಣದ ಮೇಲೆ ಗುಡುಗು ಮಳೆ, ರನ್‌ವೇ ಮೇಲೆ ನೀರು, ಜೊತೆಗೆ ಜೋರಾದ ಅಡ್ಡಗಾಳಿ. ವಿಮಾನ ಅತಿ ವೇಗವಾಗಿ ಕುಸಿದು ಬಲಗಡೆಯ ಚಕ್ರದ ಕಾಲು ಮುರಿಯಿತು, ಇಂಧನ ಚೆಲ್ಲಿ ಬೆಂಕಿ ಹತ್ತಿಕೊಂಡಿತು. 56 ಮಂದಿ ತೀರಿಕೊಂಡರು. ಇಂಜಿನ್ನಿನ ಶಕ್ತಿಯನ್ನು ಬೇಗನೆ ತಗ್ಗಿಸಿದ್ದೂ ಕಾರಣಗಳಲ್ಲೊಂದು ಎಂದು ತನಿಖೆ ಹೇಳಿತು.

ಹಾಂಗ್‌ಕಾಂಗ್‌ನಲ್ಲಿ 1999ರ ಆಗಸ್ಟ್ 22ರಂದು ನಡೆದದ್ದೂ ಇದೇ ಜಾತಿಯದು. ಸ್ಯಾಮ್ ಎಂಬ ಚಂಡಮಾರುತದ ನಡುವೆ ಇಳಿಯಲು ಬಂದ ಚೈನಾ ಏರ್‌ಲೈನ್ಸ್‌ನ ಎಂಡಿ-11 ವಿಮಾನ ಸೆಕೆಂಡಿಗೆ 18ರಿಂದ 20 ಅಡಿ ವೇಗದಲ್ಲಿ ಬಲಗಡೆಯ ಚಕ್ರದ ಮೇಲೆ ಬಡಿಯಿತು. ಬಲ ರೆಕ್ಕೆ ಮುರಿದು ವಿಮಾನ ಮಗುಚಿ ಬಿತ್ತು. ಒಳಗಿದ್ದ 315 ಮಂದಿಯಲ್ಲಿ ಮೂವರು ಸತ್ತರು, ಉಳಿದವರು ಬದುಕಿದರು. ಐವತ್ತು ಅಡಿ ಎತ್ತರದಲ್ಲಿದ್ದಾಗಲೇ ಇಳಿಯುವ ವೇಗ ಹೆಚ್ಚಾಗಿತ್ತು, ಅದನ್ನು ತಡೆಯಲು ಕ್ಯಾಪ್ಟನ್‌ಗೆ ಸಾಧ್ಯವಾಗಲಿಲ್ಲ ಎಂಬುದು ತನಿಖೆಯ ತೀರ್ಮಾನ.

ಇತ್ತೀಚಿನದು 2025ರ ಫೆಬ್ರವರಿ 17ರ ಟೊರೊಂಟೊ ಅಪಘಾತ. ಮಂಜುಗಡ್ಡೆಯ ನೆಲದಲ್ಲಿ ವಿಮಾನವೊಂದು ಬೆನ್ನಡಿಯಾಗಿ ಬಿದ್ದಿದ್ದ ಚಿತ್ರವನ್ನು ನಮ್ಮ ಓದುಗರು ಟಿವಿಯಲ್ಲಿ ನೋಡಿರಬಹುದು. ಡೆಲ್ಟಾ ಸಂಸ್ಥೆಯ ಪರವಾಗಿ ಹಾರುತ್ತಿದ್ದ ಸಿಆರ್‌ಜೆ-900 ಅದು. ಕೆನಡಾದ ತನಿಖಾ ಮಂಡಳಿಯ ಪ್ರಾಥಮಿಕ ವರದಿಯಂತೆ ವಿಮಾನ ನೆಲಕ್ಕೆ ತಾಗಿದಾಗ ನಿಮಿಷಕ್ಕೆ ಸುಮಾರು 1,100 ಅಡಿ ವೇಗದಲ್ಲಿ ಇಳಿಯುತ್ತಿತ್ತು. ವರ್ಗದ ಲೆಕ್ಕ ಹಾಕಿದರೆ ಇದು 600 ಅಡಿಯ ಮಿತಿಯ ಮೂರು ಪಟ್ಟಿಗೂ ಮಿಕ್ಕಿದ ಹೊಡೆತ. ಬಲಗಾಲು ಮುರಿದು, ರೆಕ್ಕೆ ಕಳಚಿ, ವಿಮಾನ ಮಗುಚಿತು. ಆದರೂ 80 ಮಂದಿಯೂ ಬದುಕಿ ಹೊರಬಂದರು. ತಲೆಕೆಳಗಾಗಿ ನೇತಾಡುತ್ತಿದ್ದವರನ್ನು ಹಿಡಿದಿಟ್ಟದ್ದು ಸೊಂಟದ ಬೆಲ್ಟು.

ಪುಟಿದು ಮತ್ತೆ ಬಡಿಯುವುದು

ಮೊದಲ ಹೊಡೆತಕ್ಕಿಂತ ಎರಡನೆಯದು, ಮೂರನೆಯದು ಕೆಟ್ಟದ್ದಾಗಿರುವುದುಂಟು. ಜೋರಾಗಿ ತಾಗಿದ ವಿಮಾನ ಚೆಂಡಿನಂತೆ ಪುಟಿದಾಗ ಪೈಲಟ್ ಮೂಗನ್ನು ಕೆಳಕ್ಕೆ ತಳ್ಳಿದರೆ ಮುಂದಿನ ಹೊಡೆತ ಮೂಗಿನ ಚಕ್ರಕ್ಕೆ ಬೀಳುತ್ತದೆ. ಆ ಕಾಲು ತೆಳ್ಳಗಿನದು, ಅಷ್ಟು ಭಾರಕ್ಕೆ ಮಾಡಿದ್ದಲ್ಲ.

ಮಾಸ್ಕೋದ ಶೆರೆಮೆಟ್ಯೆವೊ ವಿಮಾನ ನಿಲ್ದಾಣದಲ್ಲಿ 2019ರ ಮೇ 5ರಂದು ನಡೆದದ್ದು ಹೀಗೆ. ಏರೋಫ್ಲಾಟ್‌ನ ಸುಖೋಯ್ ಸೂಪರ್‌ಜೆಟ್ ಹಾರಿದ ಸ್ವಲ್ಪ ಹೊತ್ತಿನಲ್ಲಿ ಸಿಡಿಲು ಬಡಿಯಿತು. ಆಟೋಪೈಲಟ್ ಕಳಚಿಕೊಂಡಿತು, ಕಂಪ್ಯೂಟರ್‌ನ ನೆರವಿಲ್ಲದೆ ಕೈಯಿಂದಲೇ ಹಾರಿಸಬೇಕಾಯಿತು. ಅರ್ಧ ಗಂಟೆಯೊಳಗೆ ವಾಪಸು ಬಂದ ವಿಮಾನದಲ್ಲಿ ಇಂಧನ ಇನ್ನೂ ಹೇರಳವಾಗಿತ್ತು, ತೂಕ ಇಳಿಯುವ ಮಿತಿಗಿಂತ ಹೆಚ್ಚಿತ್ತು. ಮೊದಲ ಸಲ ತಾಗಿ ಪುಟಿಯಿತು. ಎರಡನೆಯ ಸಲ ಹೊಡೆತ ಇಮ್ಮಡಿಗೂ ಹೆಚ್ಚು. ಮೂರನೆಯದಕ್ಕೆ ಬೆಂಕಿ. 78 ಮಂದಿಯಲ್ಲಿ 41 ಮಂದಿ ಪ್ರಾಣ ಕಳೆದುಕೊಂಡರು. ಮುಂಭಾಗದಿಂದ ಜಾರಿ ಇಳಿದವರಲ್ಲಿ ಕೆಲವರ ಕೈಯಲ್ಲಿ ಬ್ಯಾಗುಗಳಿದ್ದುದನ್ನು ಆ ದಿನದ ದೃಶ್ಯಗಳಲ್ಲಿ ಜಗತ್ತೇ ನೋಡಿತು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಇಂತಹ ಸಂದರ್ಭದಲ್ಲಿ ಕ್ಯಾಬಿನ್ ಸಿಬ್ಬಂದಿ ‘ಎಲ್ಲವನ್ನೂ ಬಿಟ್ಟು ಬನ್ನಿ’ ಎಂದರೆ ಪಾಸ್‌ಪೋರ್ಟಿನ ಚೀಲವನ್ನೂ, ಚಿನ್ನದ ಪೊಟ್ಟಣವನ್ನೂ ಬಿಟ್ಟೇ ಬರಬೇಕು.

ಯಂತ್ರದ ದೋಷ ಅಪರೂಪ, ಆದರೂ ಇದೆ. 2001ರ ಫೆಬ್ರವರಿ 7ರಂದು ಸ್ಪೇನಿನ ಬಿಲ್ಬಾವೊದಲ್ಲಿ ಐಬೇರಿಯಾದ ಎ320 ಇಳಿಯುತ್ತಿದ್ದಾಗ ಗಾಳಿಯ ಏರಿಳಿತದಿಂದ ಕೆಳಕ್ಕೆ ಕುಸಿಯಿತು. ಪೈಲಟ್ ಮೂಗು ಎತ್ತಲು ಕೋಲನ್ನು ಎಳೆದರೂ, ಎತ್ತುಬಲ ಕಳೆದುಹೋಗದಂತೆ ಕಾಯಬೇಕಾದ ಕಂಪ್ಯೂಟರ್ ವ್ಯವಸ್ಥೆಯೇ ಮೂಗು ಏಳದಂತೆ ತಡೆಯಿತು. ಮೂಗಿನ ಚಕ್ರ ಮುರಿಯಿತು, ಪ್ರಾಣಹಾನಿ ಆಗಲಿಲ್ಲ. ಏರ್‌ಬಸ್ ಆಮೇಲೆ ಆ ಸಾಫ್ಟ್‌ವೇರನ್ನು ಬದಲಿಸಿತು. 2008ರ ಜನವರಿ 17ರಂದು ಬೀಜಿಂಗ್‌ನಿಂದ ಲಂಡನ್‌ಗೆ ಬಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777ಕ್ಕೆ ಇನ್ನೂ ವಿಚಿತ್ರವಾದುದು ಸಂಭವಿಸಿತು. ಇಂಧನದಲ್ಲಿದ್ದ ನೀರಿನ ಅಂಶ ಮಂಜುಗಡ್ಡೆಯಾಗಿ, ಇಂಧನವನ್ನು ಬಿಸಿ ಮಾಡುವ ಭಾಗದ ಬಾಯಿಗೇ ಕಟ್ಟಿಕೊಂಡು ಎರಡೂ ಇಂಜಿನ್‌ಗಳ ಶಕ್ತಿ ಕೊನೆಯ ಹಂತದಲ್ಲಿ ಇಳಿದುಹೋಯಿತು. ವಿಮಾನ ರನ್‌ವೇಗೆ ಮುಂಚೆಯೇ ಹುಲ್ಲಿನ ಮೇಲೆ ಬಡಿದು ಕುಳಿತಿತು. 152 ಮಂದಿಯೂ ಉಳಿದರು. ಆ ಭಾಗದ ವಿನ್ಯಾಸವನ್ನು ನಂತರ ಬದಲಾಯಿಸಲಾಯಿತು.

ಮೆತ್ತಗೆ ಇಳಿಸುವ ಆಸೆಯ ಅಪಾಯ

ಇಷ್ಟೆಲ್ಲ ಓದಿದವರಿಗೆ ಮೆತ್ತಗೆ ಇಳಿಯುವುದೇ ಕ್ಷೇಮ ಎನಿಸಬಹುದು. ನಾವು ಈ ಲೇಖನ ಬರೆಯಲು ಮುಖ್ಯ ಕಾರಣ ಇದೇ ತಪ್ಪು ಕಲ್ಪನೆ.

ನೆಲಕ್ಕೆ ಹೂವಿನಂತೆ ತಾಗಿಸಬೇಕೆಂದು ಪೈಲಟ್ ವಿಮಾನವನ್ನು ರನ್‌ವೇ ಮೇಲೆ ತೇಲಿಸುತ್ತ ಹೋದರೆ ಪ್ರತಿ ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಅಡಿ ರನ್‌ವೇ ಹಿಂದೆ ಸರಿಯುತ್ತದೆ. ಐದು ಸೆಕೆಂಡು ತೇಲಿದರೆ ಸಾವಿರ ಅಡಿ ಹೋಯಿತು. ಉದ್ದನೆಯ ರನ್‌ವೇಯಲ್ಲಿ ಇದು ನಡೆದೀತು. ಗುಡ್ಡದ ತಲೆ ಕಡಿದು ಮಾಡಿದ, ಎರಡು ತುದಿಗಳಲ್ಲೂ ಕಣಿವೆ ಇರುವ ‘ಟೇಬಲ್ ಟಾಪ್’ ರನ್‌ವೇಯಲ್ಲಿ ನಡೆಯದು.

2010ರ ಮೇ 22ರ ಮುಂಜಾನೆಯನ್ನು ನಮ್ಮ ಜಿಲ್ಲೆ ಮರೆಯುವಂತಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800 ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು, 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಅದು ಹಾರ್ಡ್ ಲ್ಯಾಂಡಿಂಗ್ ಅಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿನಿಂದ, ಅತಿ ವೇಗದಲ್ಲಿ ಬಂದು, 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ನೆಲ ಮುಟ್ಟಿತು. ಉಳಿದದ್ದು 2,800 ಅಡಿಯಷ್ಟು. ಕ್ಯಾಪ್ಟನ್ ಹಾರಾಟದ ನಡುವೆ ಸುಮಾರು ಒಂದು ಗಂಟೆ ನಲವತ್ತು ನಿಮಿಷ ನಿದ್ದೆ ಮಾಡಿದ್ದರೆಂದೂ, ಸಹಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದು ಎಚ್ಚರಿಸಿದ್ದರೆಂದೂ ಧ್ವನಿ ದಾಖಲೆಯಿಂದ ತಿಳಿಯಿತು. ನೆಲ ಮುಟ್ಟಿದ ಮೇಲೆ ಮತ್ತೆ ಮೇಲೇರುವ ಪ್ರಯತ್ನ ನಡೆಯಿತು, ಆಗ ಸಮಯ ಮೀರಿತ್ತು. ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರ ಮಳೆಯ ರಾತ್ರಿ, ಇಂತಹದೇ ರನ್‌ವೇ ಇರುವ ಕೋಝಿಕ್ಕೋಡ್‌ನಲ್ಲಿ ಅದೇ ಸಂಸ್ಥೆಯ ವಿಮಾನ ರನ್‌ವೇಯ ಅರ್ಧದ ಹತ್ತಿರ ನೆಲ ಮುಟ್ಟಿ, ತುದಿ ದಾಟಿ ಬಿದ್ದು 21 ಮಂದಿ ಅಸುನೀಗಿದರು.

ಸರಿಯಾದ ಜಾಗದಲ್ಲಿ ಗಟ್ಟಿಯಾಗಿ ತಾಗುವುದು, ತಪ್ಪು ಜಾಗದಲ್ಲಿ ಮೆತ್ತಗೆ ತಾಗುವುದಕ್ಕಿಂತ ಎಷ್ಟೋ ಲೇಸು ಎಂದು ಪೈಲಟ್‌ಗಳಿಗೆ ಕಲಿಸುತ್ತಾರೆ. ಸ್ವಲ್ಪ ಜೋರಾಗಿ ಇಳಿಸಿದ ಪ್ರತಿಯೊಬ್ಬರನ್ನೂ ಕರೆದು ಗದರಿಸುವ ಸಂಸ್ಥೆ ತನ್ನ ಪೈಲಟ್‌ಗಳಿಗೆ ತೇಲಿಸಲು ಕಲಿಸಿದಂತಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಪ್ರಯಾಣಿಕರ ಗೊಣಗಾಟಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಇಳಿಯುತ್ತಿದ್ದ ವಿಮಾನ ಮತ್ತೆ ಮೇಲೇರಿದರೆ

ಹಾರ್ಡ್ ಲ್ಯಾಂಡಿಂಗ್‌ಗೂ ರನ್‌ವೇ ದಾಟುವುದಕ್ಕೂ ಬಹುತೇಕ ಒಂದೇ ಬೇರು: ಕ್ರಮ ತಪ್ಪಿದ ಇಳಿತವನ್ನು ಕೈಬಿಡದೆ ಮುಂದುವರಿಸುವುದು. ವಿಮಾನದ ವೇಗ, ಎತ್ತರ, ದಿಕ್ಕು, ಇಂಜಿನ್ನಿನ ಶಕ್ತಿ ಎಲ್ಲವೂ ಮೋಡ ಮುಸುಕಿದ್ದರೆ 1,000 ಅಡಿಯಲ್ಲಿ, ಆಕಾಶ ನಿಚ್ಚಳವಾಗಿದ್ದರೆ 500 ಅಡಿಯಲ್ಲಿ ಸರಿಯಾಗಿ ಕೂಡಿಬಂದಿರಬೇಕು, ಇಲ್ಲವಾದರೆ ಇಳಿಯಬಾರದು ಎಂಬುದು ಹಲವು ವಿಮಾನ ಸಂಸ್ಥೆಗಳು ಪಾಲಿಸುವ ಕಟ್ಟಳೆ. ಆಗ ಇಂಜಿನ್ ಗುಡುಗಿ, ಮೂಗು ಮೇಲೆದ್ದು, ವಿಮಾನ ಒಮ್ಮೆಲೇ ಏರುತ್ತದೆ. ಒಳಗಿದ್ದವರಿಗೆ ಎದೆ ಝಲ್ಲೆನ್ನುತ್ತದೆ, ಕೆಲವರು ಜಪಸರ ಹಿಡಿಯುತ್ತಾರೆ. ಹೆದರಬೇಕಾದುದಿಲ್ಲ. ಅದು ಅಭ್ಯಾಸ ಮಾಡಿದ ಕೆಲಸ. ಇನ್ನೊಂದು ಸುತ್ತು ಹಾಕಿ ಬರುತ್ತಾರೆ, ಅಥವಾ ಬೇರೆ ಊರಿಗೆ ಹೋಗುತ್ತಾರೆ. ಹೊರಗೆ ಕಾಯುತ್ತಿರುವ ಮನೆಯವರಿಗೆ ಒಂದೆರಡು ಗಂಟೆ ತಡ ಆಗಬಹುದು.

ಇಳಿಯುವಾಗ ಬೆಲ್ಟನ್ನು ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಬಿಗಿಯಾಗಿ ಹಾಕಿಕೊಳ್ಳಬೇಕು. ಚಕ್ರ ತಾಗಿದ ಕೂಡಲೆ ಬೆಲ್ಟ್ ಬಿಚ್ಚಿ ಏಳುವ ನಮ್ಮವರ ಅಭ್ಯಾಸ ಒಳ್ಳೆಯದಲ್ಲ. ಪುಟಿಯುವ ವಿಮಾನದಲ್ಲಿ ನಿಂತವರ ಗತಿಯನ್ನು ಊಹಿಸಿಕೊಳ್ಳಿ. ಜೋರಾದ ಹೊಡೆತಕ್ಕೆ ತಲೆಯ ಮೇಲಿನ ಪೆಟ್ಟಿಗೆಗಳ ಬಾಗಿಲು ತೆರೆದುಕೊಳ್ಳಬಹುದು. ಆಮ್ಲಜನಕದ ಮುಖವಾಡಗಳೂ ಕೆಳಗೆ ಬೀಳುವುದುಂಟು. ಅದು ಕೊಂಡಿ ಕಳಚಿದ್ದರಿಂದಲೇ ಹೊರತು ಗಾಳಿ ಇಲ್ಲವೆಂದಲ್ಲ.

ಇಳಿತ ಮಿತಿ ಮೀರಿದೆ ಎಂದು ಪೈಲಟ್‌ಗೆ ಅನಿಸಿದರೆ ಅದನ್ನು ವಿಮಾನದ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಇಂಜಿನಿಯರ್‌ಗಳು ದತ್ತಾಂಶವನ್ನು ಇಳಿಸಿಕೊಂಡು ಜಿ ಎಷ್ಟಿತ್ತೆಂದು ನೋಡುತ್ತಾರೆ. ಚಕ್ರದ ಕಾಲು, ಅದನ್ನು ರೆಕ್ಕೆಗೆ ಬಂಧಿಸುವ ಪಿನ್ನುಗಳು, ಟಯರು, ಇಂಜಿನ್ ತೂಗುಹಾಕಿದ ಜಾಗ, ಇಂಧನದ ಸೋರಿಕೆ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಬಿರುಕಿನ ಸುಳಿವು ಸಿಕ್ಕಿದರೆ ಎರಡನೆಯ ಹಂತದ, ಇನ್ನೂ ಆಳವಾದ ತಪಾಸಣೆ. ಬಜ್ಪೆಗೆ ಬಂದ ವಿಮಾನವೇ ಅನೇಕ ಸಲ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಗಲ್ಫಿಗೆ ಹೊರಡಬೇಕಾಗಿರುತ್ತದೆ. ಒಳಗೆ ಕುಳಿತು ಕಾಯುವವರಿಗೆ ‘ತಾಂತ್ರಿಕ ಕಾರಣದಿಂದ ವಿಳಂಬ’ ಎಂಬ ಪ್ರಕಟಣೆ ಮಾತ್ರ ಕೇಳಿಸುತ್ತದೆ. ಆಗ ಹೊರಗೆ ವಿಮಾನದ ಚಕ್ರದ ಬಳಿ ಟಾರ್ಚ್ ಹಿಡಿದು ಬಗ್ಗಿ ನೋಡುತ್ತಿರುವವರು ಕಂಡರೆ, ಅವರು ಮಾಡುತ್ತಿರುವುದು ಈ ಕೆಲಸವೇ ಇರಬಹುದು.